ಹ್ಯಾನಿಬಲ್‌ಗಿಂತ ಮುಂಚೆ ನಡೆದ ಯುದ್ಧ, ಮತ್ತೆ ಅದರ ಖರ್ಚಿನ ಲೆಕ್ಕ

ಪ್ಯೂನಿಕ್ ಯುದ್ಧ ಅಂದ್ರೆ ಸಾಕು, ಯಾರನ್ನ ಕೇಳಿದ್ರೂ ಒಂದೇ ಮಾತು, ಆನೆ ಹೊಡ್ಕೊಂಡು ಆಲ್ಪ್ಸ್ ಹತ್ತಿದ್ನಲ್ಲ ಆ ಹ್ಯಾನಿಬಲ್, ಅದು ತಾನೇ? ಅದೂ ಹೌದು, ಆದ್ರೆ ಅದು ಎರಡನೇದು. ಅದಕ್ಕಿಂತ ಮುಂಚೆ ರೋಮ್‌ಗೂ ಕಾರ್ತೇಜ್‌ಗೂ ಮಧ್ಯೆ ಒಂದು ನಡೆದಿತ್ತು, ಕ್ರಿ.ಪೂ. 264ರಿಂದ 241ರ ತನಕ, 23 ವರ್ಷ ಬಿಡುವಿಲ್ದೆ, ಮುಕ್ಕಾಲು ಪಾಲು ಸಮುದ್ರದ ಮೇಲೆ, ಅದೂ ಸಿಸಿಲಿ ಅನ್ನೋ ಒಂದು ದ್ವೀಪಕ್ಕೋಸ್ಕರ. ಅದರಲ್ಲಿ ಹ್ಯಾನಿಬಲ್ ಥರ ಒಬ್ಬ ಸ್ಟಾರ್ ಇಲ್ಲ, ಅದಕ್ಕೇ ಯಾರೂ ಹೇಳಲ್ಲ. ನನಗೆ ಮಾತ್ರ ಮೂರು ಪ್ಯೂನಿಕ್ ಯುದ್ಧಗಳಲ್ಲಿ ಇದೇ ಜಾಸ್ತಿ ಇಷ್ಟ, ಯಾಕಂದ್ರೆ ಇದು ಗೆದ್ದಿದ್ದು ಯಾರ ಬುದ್ಧಿವಂತಿಕೆಯಿಂದಲೂ ಅಲ್ಲ. ಎರಡೂ ಕಡೆಯವರು ಹಡಗು, ಜನ, ದುಡ್ಡು ಮೂರನ್ನೂ ಸಮುದ್ರಕ್ಕೆ ಸುರೀತಾ ಹೋದ್ರು, ಕೊನೆಗೆ ಯಾರ ಗಲ್ಲಾ ಪೆಟ್ಟಿಗೆ ಮೊದಲು ಖಾಲಿ ಆಯ್ತೋ ಅವರು ಸೋತ್ರು. ಹಾಗಾಗಿ ಇದನ್ನ ಕತ್ತಿ ಕಾಳಗದ ಕಥೆಯಾಗಿ ಓದೋದಕ್ಕಿಂತ ಲೆಕ್ಕದ ಪುಸ್ತಕದ ಥರ ಓದಿದ್ರೆ ಚೆನ್ನಾಗಿ ಅರ್ಥ ಆಗತ್ತೆ.

ಮೊದಲು ಇಬ್ಬರ ಪರಿಚಯ. ಕಾರ್ತೇಜ್ ಅಂದ್ರೆ ಇವತ್ತಿನ ಟ್ಯುನೀಷಿಯಾದಲ್ಲಿ, ಟ್ಯೂನಿಸ್ ಪಕ್ಕದಲ್ಲಿದ್ದ ನಗರ. ಲೆಬನಾನ್ ಕರಾವಳಿಯ ಟೈರ್‌ನಿಂದ ಬಂದ ಫಿನಿಷಿಯನ್ ವ್ಯಾಪಾರಿಗಳು ಕಟ್ಟಿದ್ದು. ಅವರನ್ನ ಲ್ಯಾಟಿನ್‌ನಲ್ಲಿ ಪೋಯ್ನಿ ಅಂತಿದ್ರು, ಅದರಿಂದಲೇ ಪ್ಯೂನಿಕ್ ಅನ್ನೋ ಹೆಸರು. ಹಡಗು, ವ್ಯಾಪಾರ, ಸಾರ್ಡೀನಿಯಾ, ಸಿಸಿಲಿಯ ಪಶ್ಚಿಮ ಭಾಗ, ಆಫ್ರಿಕಾದ ಒಳ್ಳೆ ಗೋಧಿ ಹೊಲಗಳು ಎಲ್ಲ ಅವರ ಕೈಲಿತ್ತು. ಯುದ್ಧಕ್ಕೆ ಮಾತ್ರ ಹೆಚ್ಚಾಗಿ ದುಡ್ಡು ಕೊಟ್ಟು ಜನ ತರೋರು: ಲಿಬಿಯಾದವರು, ಸ್ಪೇನಿನ ಐಬೀರಿಯನ್ನರು, ಗಾಲ್‌ಗಳು, ಬಾಲಿಯಾರಿಕ್ ದ್ವೀಪದ ಕವಣೆ ಬೀಸೋರು. ರೋಮ್ ಪೂರ್ತಿ ಉಲ್ಟಾ. ಅವರು ನೆಲದ ಜನ, ರೈತಾಪಿ ಸೈನಿಕರು, ಇಟಲಿಯ ಒಂದೊಂದೇ ಊರನ್ನ ಸೋಲಿಸಿ ಅವರ ಹತ್ರ ಕಂದಾಯಕ್ಕಿಂತ ಹೆಚ್ಚಾಗಿ ಆಳುಗಳನ್ನೇ ವಸೂಲಿ ಮಾಡ್ತಿದ್ರು, ಅಂದ್ರೆ ನೀನು ನನ್ನ ಮಿತ್ರ, ಯುದ್ಧ ಬಂದಾಗ ಇಷ್ಟು ಗಂಡಸರನ್ನ ಕಳಿಸು, ಅಷ್ಟೇ ಒಪ್ಪಂದ. ಇದನ್ನ ನೆನಪಲ್ಲಿಡಿ, ಮುಂದೆ ಬೇಕಾಗತ್ತೆ. ಇವರಿಬ್ಬರೂ ಹಳೇ ವೈರಿಗಳೇನಲ್ಲ, ಇನ್ನೂ ಹೇಳಬೇಕಂದ್ರೆ ಮುಂಚೆ ಎರಡು ಮೂರು ಸಲ ಒಪ್ಪಂದ ಮಾಡ್ಕೊಂಡು ಸುಮ್ನಿದ್ದೋರು.

ಜಗಳ ಶುರುವಾಗಿದ್ದು ಮೂರನೇಯವರಿಂದ. ಸಿಸಿಲಿಯ ಪೂರ್ವ ಕರಾವಳಿಯ ಗ್ರೀಕ್ ನಗರ ಸಿರಾಕ್ಯೂಸ್‌ನ ದೊರೆ ಅಗಾಥೊಕ್ಲಿಸ್ ಹತ್ರ ಬಾಡಿಗೆಗೆ ದುಡೀತಿದ್ದ ಇಟಲಿಯ ಕಂಪಾನಿಯಾ ಕಡೆಯ ಸೈನಿಕರು, ಅವನು ಕ್ರಿ.ಪೂ. 289ರಲ್ಲಿ ಸತ್ತ ಮೇಲೆ ಊರಿಗೆ ವಾಪಸ್ ಹೋಗೋ ಬದಲು ದಾರಿಯಲ್ಲಿ ಇಟಲಿಗೂ ಸಿಸಿಲಿಗೂ ಮಧ್ಯದ ಜಲಸಂಧಿಯ ಸಿಸಿಲಿ ದಡದಲ್ಲಿದ್ದ ಮೆಸ್ಸಾನಾ ಅನ್ನೋ ಊರಿಗೆ ಅತಿಥಿಗಳಾಗಿ ನುಗ್ಗಿ, ಗಂಡಸರನ್ನ ಕೊಂದು ಓಡಿಸಿ, ಅವರ ಮನೆ ಹೊಲ ಹೆಂಡತಿ ಎಲ್ಲ ಹಂಚ್ಕೊಂಡು ಅಲ್ಲೇ ಕೂತ್ಬಿಟ್ರು. ಮಾಮರ್ಟೈನ್‌ಗಳು ಅಂತ ಹೆಸರಿಟ್ಕೊಂಡ್ರು, ಯುದ್ಧದೇವರು ಮಾರ್ಸ್‌ನ ಮಕ್ಕಳು ಅಂತ. ಸುತ್ತಮುತ್ತ ಲೂಟಿ ಮಾಡ್ಕೊಂಡು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಸಿರಾಕ್ಯೂಸ್‌ಗೆ ಹಿಯೆರೋ ಅನ್ನೋ ಗಟ್ಟಿ ಮನುಷ್ಯ ಬಂದು ಇವರನ್ನ ಹಣ್ಣುಗಾಯಿ ನೀರುಗಾಯಿ ಮಾಡ್ದ. ಆಗ ಇವರಲ್ಲಿ ಒಂದು ಗುಂಪು ಕಾರ್ತೇಜ್‌ಗೆ ಕಾಪಾಡಿ ಅಂತ ಹೇಳಿ ಕಳಿಸ್ತು, ಇನ್ನೊಂದು ಗುಂಪು ರೋಮ್‌ಗೆ.

ರೋಮ್‌ನ ಸೆನೆಟ್‌ಗೆ ಅಂದ್ರೆ ದೊಡ್ಡ ಮನೆತನದ ಹಿರಿಯರ ಸಭೆಗೆ, ಇದು ಮುಜುಗರದ ವಿಷಯ. ಯಾಕಂದ್ರೆ ಎದುರು ದಡದ ರೀಜಿಯಂ ಊರಲ್ಲಿ ರೋಮ್‌ನದ್ದೇ ಕಾವಲು ಪಡೆ ಇದೇ ಕೆಲಸ ಮಾಡಿತ್ತು, ಅವರನ್ನ ಹಿಡಿದು 300 ಜನರನ್ನ ರೋಮ್‌ನ ಫೋರಂ ಮಧ್ಯದಲ್ಲಿ ಚಾಟಿಯಲ್ಲಿ ಹೊಡೆದು ತಲೆ ಕಡಿದಿದ್ರು. ಅಲ್ಲಿ ಶಿಕ್ಷೆ, ಇಲ್ಲಿ ರಕ್ಷೆ ಅಂದ್ರೆ ಜನ ಏನಂತಾರೆ? ಸೆನೆಟ್ ತೀರ್ಮಾನ ಮಾಡಕ್ಕಾಗದೆ ಕೈ ಚೆಲ್ತು. ಆಮೇಲೆ ಜನಸಭೆಯಲ್ಲಿ ಹೋಗೋಣ ಅಂತ ಆಯ್ತು, ಸಿಸಿಲಿ ಪೂರ್ತಿ ಕಾರ್ತೇಜ್ ಕೈಗೆ ಹೋದ್ರೆ ನಮ್ಮ ಬಾಗಿಲಿಗೇ ಬರ್ತಾರೆ ಅನ್ನೋ ಭಯ ಒಂದ್ಕಡೆ, ಲೂಟಿಯಲ್ಲಿ ಎಲ್ಲರಿಗೂ ಪಾಲು ಸಿಗತ್ತೆ ಅನ್ನೋ ಆಸೆ ಇನ್ನೊಂದ್ಕಡೆ. ಈ ಯುದ್ಧದ ಬಗ್ಗೆ ನಮಗೆ ಹೆಚ್ಚು ತಿಳಿಸೋದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್, ಅವನು ರೋಮ್ ಕಡೆ ಒಲವಿದ್ದೋನು, ಆದ್ರೂ ಈ ಆಸೆಯ ವಿಷಯವನ್ನ ಮುಚ್ಚಿಟ್ಟಿಲ್ಲ. ಕ್ರಿ.ಪೂ. 264ರಲ್ಲಿ ಕಾನ್ಸುಲ್, ಅಂದ್ರೆ ವರ್ಷಕ್ಕೆ ಇಬ್ಬರಂತೆ ಆರಿಸೋ ರೋಮ್‌ನ ಆಡಳಿತ ಮುಖ್ಯಸ್ಥ ಮತ್ತೆ ಸೇನಾಪತಿ, ಅಪ್ಪಿಯಸ್ ಕ್ಲಾಡಿಯಸ್ ಕಾಡೆಕ್ಸ್ ಸೈನ್ಯ ತಗೊಂಡು ಜಲಸಂಧಿ ದಾಟ್ದ. ಅಗಲ ಇರೋದು ಕಿರಿದಾದ ಜಾಗದಲ್ಲಿ ಸುಮಾರು 3 ಕಿಲೋಮೀಟರ್, ಅಷ್ಟಕ್ಕೂ ರೋಮ್ ಹತ್ರ ಸರಿಯಾದ ಹಡಗಿಲ್ಲ, ಟರೆಂಟಮ್, ನೇಪಲ್ಸ್ ಥರದ ಗ್ರೀಕ್ ಊರುಗಳಿಂದ ಕೈಬದಲು ತಂದಿದ್ದು.

ಶುರುವಿನಲ್ಲಿ ನೆಲದ ಮೇಲೆ ರೋಮ್‌ಗೆ ಸಲೀಸಾಗಿ ಹೋಯ್ತು. ಹಿಯೆರೋ ಗಾಳಿ ಯಾವ ಕಡೆ ಬೀಸ್ತಿದೆ ಅಂತ ನೋಡಿ ಮಾರನೇ ವರ್ಷವೇ ರೋಮ್ ಜೊತೆ ಸೇರ್ಕೊಂಡ, ಸಾಯೋ ತನಕ ನಿಯತ್ತಾಗಿದ್ದ. ಆಮೇಲೆ ದಕ್ಷಿಣ ಕರಾವಳಿಯ ಅಗ್ರಿಜೆಂಟಮ್‌ಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಗೆದ್ದು, ಊರ ಜನರನ್ನ ಗುಲಾಮರಾಗಿ ಮಾರಿದ್ರು, 25,000 ಜನ ಅಂತ ಲೆಕ್ಕ ಕೊಡ್ತಾರೆ. ಆದ್ರೆ ಒಳನಾಡಿನ ಊರುಗಳು ರೋಮ್‌ಗೆ ಶರಣಾದ್ರೆ ಕರಾವಳಿ ಊರುಗಳು ಕಾರ್ತೇಜ್ ಹಡಗು ಕಂಡ ತಕ್ಷಣ ಆ ಕಡೆ ವಾಲೋವು, ಜೊತೆಗೆ ಆ ಹಡಗುಗಳು ಬಂದು ಇಟಲಿ ಕರಾವಳಿಯನ್ನೇ ಸುಡ್ತಿದ್ವು. ಸಮುದ್ರ ಕೈಯಲ್ಲಿ ಇಲ್ದೆ ದ್ವೀಪ ಗೆಲ್ಲಕ್ಕಾಗಲ್ಲ ಅನ್ನೋದು ರೋಮ್‌ಗೆ ಅರ್ಥ ಆಗಕ್ಕೆ ಮೂರು ವರ್ಷ ಹಿಡೀತು.

ಇಲ್ಲಿಂದ ಕಥೆ ರುಚಿ ಹತ್ತೋದು. ಆಗಿನ ಕಾಲದ ದೊಡ್ಡ ಯುದ್ಧನೌಕೆ ಕ್ವಿಂಕ್ವಿರೀಮ್, ಅಂದ್ರೆ ಐದರ ಹಡಗು. ಹೆಸರು ಕೇಳಿ ಐದು ಅಂತಸ್ತು ಅಂದ್ಕೋಬೇಡಿ. ಈಗ ಸಾಮಾನ್ಯವಾಗಿ ಒಪ್ಪೋ ವಿವರಣೆ ಏನಂದ್ರೆ, ಹಡಗಿನ ಒಂದು ಮಗ್ಗುಲಲ್ಲಿ ಒಂದರ ಮೇಲೊಂದು ಮೂರು ಹುಟ್ಟು, ಮೇಲಿನ ಎರಡಕ್ಕೆ ಇಬ್ಬಿಬ್ಬರು, ಕೆಳಗಿನದಕ್ಕೆ ಒಬ್ಬ, ಒಟ್ಟು ಐದು ಆಳು, ಇಂಥ ಸಾಲುಗಳು ಮೂತಿಯಿಂದ ಬಾಲದ ತನಕ. ಪಾಲಿಬಿಯಸ್ ಪ್ರಕಾರ ಒಂದು ಹಡಗಿಗೆ 300 ಜನ ಹುಟ್ಟು ಹಾಕೋರು, ಮೇಲೆ 120 ಜನ ಸೈನಿಕರು. ಮೂತಿಯಲ್ಲಿ ನೀರಿನ ಮಟ್ಟಕ್ಕೆ ಕಂಚಿನ ಒಂದು ಕೊಂಬು, ಎದುರಾಳಿ ಹಡಗಿನ ಪಕ್ಕೆಗೆ ಅದನ್ನ ಗುದ್ದಿ ತೂತು ಮಾಡಿ ಹಿಂದಕ್ಕೆ ಎಳ್ಕೊಳ್ಳೋದು, ಅದೇ ಸಮುದ್ರ ಯುದ್ಧ. ಇದಕ್ಕೆ ಹಡಗು ಇದ್ರೆ ಸಾಲದು, 300 ಜನ ಒಂದೇ ಉಸಿರಲ್ಲಿ ಎಳೀಬೇಕು, ತಿರುಗಿಸಬೇಕು, ನಿಲ್ಲಿಸಬೇಕು. ಕಾರ್ತೇಜ್‌ನೋರಿಗೆ ಅದು ತಲೆತಲಾಂತರದ ವಿದ್ಯೆ.

ರೋಮ್‌ನೋರು ಏನ್ ಮಾಡಿದ್ರು ಅಂದ್ರೆ, ಯುದ್ಧದ ಶುರುವಿನಲ್ಲಿ ಜಲಸಂಧಿಯಲ್ಲಿ ಒಂದು ಕಾರ್ತೇಜ್ ಹಡಗು ಮರಳಲ್ಲಿ ಸಿಕ್ಕಿ ಇವರ ಕೈಗೆ ಬಿದ್ದಿತ್ತು, ಅದನ್ನೇ ಮಾದರಿ ಇಟ್ಕೊಂಡು 100 ಕ್ವಿಂಕ್ವಿರೀಮ್, ಜೊತೆಗೆ 20 ಚಿಕ್ಕ ಹಡಗು ಕಟ್ಟೋಕೆ ಕೂತ್ರು. ಮರ ಕಡಿದ ದಿನದಿಂದ 60 ದಿನಕ್ಕೆ ನೀರಿಗಿಳಿಸಿದ್ರು ಅಂತ ರೋಮ್‌ನ ಬರಹಗಾರ ಪ್ಲಿನಿ ಬರೀತಾನೆ. ಬಡಾಯಿ ಅನ್ಸತ್ತೆ ಅಲ್ವಾ? ನನಗೂ ಹಾಗೇ ಅನ್ಸಿತ್ತು. ಆದ್ರೆ 1971ರಲ್ಲಿ ಸಿಸಿಲಿಯ ಮಾರ್ಸಾಲಾ ಹತ್ರ ಹಾನರ್ ಫ್ರಾಸ್ಟ್ ಅನ್ನೋ ಸಂಶೋಧಕಿ ಸಮುದ್ರದ ತಳದಿಂದ ಅದೇ ಕಾಲದ ಒಂದು ಪ್ಯೂನಿಕ್ ಹಡಗಿನ ಅವಶೇಷ ತೆಗೆಯೋಕೆ ಶುರು ಮಾಡಿದ್ರು, ಅದರ ಹಲಗೆಗಳ ಮೇಲೆ ಪ್ಯೂನಿಕ್ ಅಕ್ಷರಗಳನ್ನ ಬಣ್ಣದಲ್ಲಿ ಬರೆದಿದ್ದು ಸಿಕ್ತು. ಯಾವ ಹಲಗೆ ಎಲ್ಲಿಗೆ, ಯಾವ ತುಂಡು ಯಾವುದರ ಪಕ್ಕಕ್ಕೆ ಅಂತ ಬಡಗಿಗಳು ಹಾಕ್ಕೊಂಡ ಗುರುತು. ನಾವು ಮಂಚ, ವಾರ್ಡ್‌ರೋಬ್ ಆನ್‌ಲೈನಲ್ಲಿ ತರಿಸಿದ್ರೆ ಎ, ಬಿ, ಸಿ ಅಂತ ಸ್ಟಿಕ್ಕರ್ ಅಂಟಿಸಿ ಕಳಿಸ್ತಾರಲ್ಲ, ಅದೇ ಥರ. ಕಾರ್ತೇಜ್‌ನೋರು ಹಡಗನ್ನ ತುಂಡು ತುಂಡಾಗಿ ಮುಂಚೆನೇ ಮಾಡಿಟ್ಟು ಜೋಡಿಸ್ತಿದ್ರು ಅಂತಾದ್ರೆ, ರೋಮ್‌ನೋರ ಕೈಗೆ ಸಿಕ್ಕ ಹಡಗಲ್ಲೂ ಇಂಥ ಗುರುತು ಇದ್ದಿದ್ರೆ, ಅವರು ಹಡಗಿನ ಜೊತೆಗೆ ಅದನ್ನ ಕಟ್ಟೋ ಕೈಪಿಡಿಯನ್ನೂ ಪುಕ್ಕಟೆ ಪಡೆದಂಗಾಯ್ತು. ಖಂಡಿತ ಹಾಗೇ ಆಯ್ತು ಅಂತ ಹೇಳೋಕಾಗಲ್ಲ, ಆದ್ರೆ 60 ದಿನ ಅನ್ನೋದು ಆಮೇಲೆ ನನಗೆ ಅಷ್ಟೊಂದು ಸುಳ್ಳು ಅನ್ಸಲ್ಲ.

ಹಡಗು ತಯಾರಾಗೋ ತನಕ ಹುಟ್ಟು ಹಾಕೋರನ್ನ ಸುಮ್ನೆ ಕೂರಿಸಲಿಲ್ಲ. ದಡದ ಮೇಲೆ ಹಡಗಲ್ಲಿ ಇರೋ ಕ್ರಮದಲ್ಲೇ ಬೆಂಚು ಹಾಕ್ಸಿ, ಜನರನ್ನ ಕೂರಿಸಿ, ಮಧ್ಯದಲ್ಲಿ ತಾಳ ಹೇಳೋನು ನಿಂತು, ಎಲ್ಲರೂ ಒಟ್ಟಿಗೆ ಕೈ ಎದೆಗೆ ಎಳ್ಕೊಂಡು ಹಿಂದಕ್ಕೆ ವಾಲೋದು, ಒಟ್ಟಿಗೆ ಕೈ ಚಾಚಿ ಮುಂದಕ್ಕೆ ಬಗ್ಗೋದು. ಕಲ್ಪನೆ ಮಾಡ್ಕೊಳ್ಳಿ, ನೀರೇ ಇಲ್ಲ, ಹೊಲದಲ್ಲಿ ನೇಗಿಲು ಹಿಡೀತಿದ್ದ ಜನ ಒಣ ನೆಲದ ಮೇಲೆ ಸಾಲಾಗಿ ಕೂತು ಗಾಳಿಯಲ್ಲಿ ದೋಣಿ ನಡೆಸ್ತಾ ಇದ್ದಾರೆ. ದಾರೀಲಿ ಹೋಗೋರು ನಕ್ಕಿರ್ತಾರೆ ಬಿಡಿ.

ಮೊದಲ ಅನುಭವ ನಗೆಪಾಟಲೇ ಆಯ್ತು. ಕಾನ್ಸುಲ್ ಕಾರ್ನೀಲಿಯಸ್ ಸಿಪಿಯೋ 17 ಹಡಗು ತಗೊಂಡು ಲಿಪಾರಾ ದ್ವೀಪಕ್ಕೆ ಹೋಗಿ, ರಾತ್ರೋರಾತ್ರಿ ಕಾರ್ತೇಜ್‌ನೋರು ಬಂದರಿನ ಬಾಯಿ ಮುಚ್ಚಿದಾಗ ಹಡಗಿನವರು ನೆಲಕ್ಕೆ ಹಾರಿ ಓಡಿದ್ರು, ಕಾನ್ಸುಲ್ ಸಾಹೇಬ್ರು ಸಿಕ್ಕಿಬಿದ್ರು. ಅವನ ಹೆಸರಿನ ಜೊತೆ ಅಸಿನಾ ಅಂತ ಇದೆ, ಅಂದ್ರೆ ಹೆಣ್ಣು ಕತ್ತೆ.

ಚುಕ್ಕಾಣಿ ತಿರುಗಿಸೋ ಚಾಕಚಕ್ಯತೆಯಲ್ಲಿ ಕಾರ್ತೇಜ್‌ನ ಹಿಡಿಯೋಕಾಗಲ್ಲ ಅಂತ ಗೊತ್ತಾದ ಮೇಲೆ ರೋಮ್‌ನೋರು ಆಟದ ನಿಯಮವನ್ನೇ ಬದಲಾಯಿಸಿದ್ರು. ಹಡಗಿನ ಮೂತಿಯಲ್ಲಿ ಸುಮಾರು 7 ಮೀಟರ್ ಎತ್ತರದ ಕಂಬ, ಅದರ ತುದಿಯಲ್ಲಿ ರಾಟೆ, ಆ ಕಂಬಕ್ಕೆ ಸಿಕ್ಕಿಸಿದ 11 ಮೀಟರ್ ಉದ್ದ, ಇಬ್ಬರು ಪಕ್ಕಪಕ್ಕ ನಡೆಯೋವಷ್ಟು ಅಗಲದ ಒಂದು ಮರದ ಸೇತುವೆ, ಎರಡೂ ಕಡೆ ಮೊಣಕಾಲೆತ್ತರ ಕಟಾಂಜನ. ತುದಿಯಲ್ಲಿ ಕೆಳಮುಖವಾಗಿ ಒನಕೆ ಥರದ ಚೂಪು ಕಬ್ಬಿಣ. ಹಗ್ಗದಲ್ಲಿ ಎತ್ತಿ ಹಿಡಿದಿರ್ತಾರೆ, ಎದುರಾಳಿ ಹಡಗು ಗುದ್ದೋಕೆ ಹತ್ರ ಬಂದ ತಕ್ಷಣ ಹಗ್ಗ ಬಿಡ್ತಾರೆ, ಧಡ್ ಅಂತ ಬಿದ್ದು ಆ ಕಬ್ಬಿಣ ಎದುರಿನ ಹಡಗಿನ ಅಟ್ಟಕ್ಕೆ ಕಚ್ಕೊಳ್ಳತ್ತೆ, ಆಮೇಲೆ ಎರಡು ಹಡಗು ಒಂದೇ, ರೋಮ್ ಸೈನಿಕರು ಗುರಾಣಿ ಮುಂದೆ ಹಿಡ್ಕೊಂಡು ಜೋಡಿ ಜೋಡಿಯಾಗಿ ನಡ್ಕೊಂಡು ಹೋಗೋದು, ಅಲ್ಲಿಗೆ ಅದು ನೆಲದ ಯುದ್ಧ. ಇದಕ್ಕೆ ಕಾಗೆ ಅಂತ ಹೆಸರಿಟ್ರು, ಕೊಕ್ಕು ಕುಟ್ಟೋದಕ್ಕೆ. ಕ್ರಿ.ಪೂ. 260ರಲ್ಲಿ ಸಿಸಿಲಿಯ ಉತ್ತರ ಕರಾವಳಿಯ ಮೈಲೇ ಹತ್ರ ಗಯಸ್ ಡುಯಿಲಿಯಸ್ ಇದನ್ನ ಮೊದಲ ಸಲ ಬಳಸಿದ. ಕಾರ್ತೇಜ್‌ನೋರು ಈ ವಿಚಿತ್ರ ಕಂಬ ನೋಡಿ ಇದೇನಪ್ಪಾ ಅಂತ ಒಂದು ಕ್ಷಣ ಯೋಚಿಸಿದ್ರಂತೆ, ಆದ್ರೂ ಇವರಿಗೇನ್ ಗೊತ್ತು ಹಡಗು ಅಂದ್ಕೊಂಡು ಸಾಲು ಕೂಡ ಕಟ್ಟದೆ ನುಗ್ಗಿದ್ರು, 50 ಹಡಗು ಕಳ್ಕೊಂಡ್ರು. ಡುಯಿಲಿಯಸ್‌ಗೆ ರೋಮ್‌ನಲ್ಲಿ ಸಿಕ್ಕ ಮರ್ಯಾದೆ ಕೇಳಿ: ಊಟ ಮುಗಿಸಿ ರಾತ್ರಿ ಮನೆಗೆ ಹೋಗುವಾಗ ಮುಂದೆ ಪಂಜು ಹಿಡಿಯೋನು ಒಬ್ಬ, ಕೊಳಲು ಊದೋನು ಒಬ್ಬ. ಅಕ್ಕಪಕ್ಕದ ಮನೆಯೋರ ನಿದ್ದೆ ಕಥೆ ಏನು ಅಂತ ಯಾರೂ ಬರೆದಿಟ್ಟಿಲ್ಲ.

ಆಮೇಲೆ ತಲೆಗೇರ್ತು. ಸಿಸಿಲಿಯಲ್ಲಿ ಒಂದೊಂದು ಊರು ಗೆಲ್ಲೋ ಬದಲು ಸೀದಾ ಆಫ್ರಿಕಾಗೇ ಹೋಗಿ ಕಾರ್ತೇಜ್ ಬಾಗಿಲು ತಟ್ಟೋಣ ಅಂತ ಕ್ರಿ.ಪೂ. 256ರಲ್ಲಿ 330 ಹಡಗು ಹೊರಟ್ವು, ಸಿಸಿಲಿಯ ದಕ್ಷಿಣ ಕರಾವಳಿಯ ಎಕ್ನೋಮಸ್ ಹತ್ರ ಕಾರ್ತೇಜ್‌ನ 350 ಹಡಗು ಅಡ್ಡ ಬಂದ್ವು. ಪಾಲಿಬಿಯಸ್ ಅಂಕಿ ನಂಬಿದ್ರೆ ಎರಡೂ ಕಡೆ ಸೇರಿ 2,90,000 ಜನ ಒಂದೇ ದಿನ ಒಂದೇ ಸಮುದ್ರದ ಮೇಲೆ. ಅಂಕಿ ಸ್ವಲ್ಪ ಉಬ್ಬಿದೆ ಅನ್ನೋರಿದ್ದಾರೆ, ಅರ್ಧ ಮಾಡಿದ್ರೂ ಪ್ರಪಂಚದ ಅತಿ ದೊಡ್ಡ ನೌಕಾಯುದ್ಧಗಳ ಪಟ್ಟಿಯಲ್ಲಿ ಇರತ್ತೆ. ರೋಮ್ ಗೆದ್ದು ಆಫ್ರಿಕಾ ಸೇರ್ತು.

ಕಾನ್ಸುಲ್ ರೆಗ್ಯುಲಸ್ ಅಲ್ಲಿ ಟ್ಯೂನಿಸ್ ತನಕ ಹೋದ. ಕಾರ್ತೇಜ್ ಸಂಧಿಗೆ ಬಂತು, ಇವನು ಕೊಟ್ಟ ಷರತ್ತು ಎಷ್ಟು ಕಠಿಣ ಅಂದ್ರೆ ಸೋತ್ರೂ ಇದಕ್ಕಿಂತ ಕೆಟ್ಟದ್ದು ಆಗಲ್ಲ ಅಂತ ಅವರಿಗೆ ಅನ್ನಿಸ್ತು. ಅಷ್ಟರಲ್ಲಿ ಕ್ಸಾಂತಿಪ್ಪಸ್ ಅನ್ನೋ ಸ್ಪಾರ್ಟಾದ ಬಾಡಿಗೆ ಸೈನಿಕ ಬಂದು ನಿಮ್ಮ ಸೈನ್ಯ ಚೆನ್ನಾಗೇ ಇದೆ, ನಿಮ್ಮ ದಂಡನಾಯಕರಿಗೇ ಬುದ್ಧಿ ಇಲ್ಲ, ಆನೆ ಕುದುರೆ ಇಟ್ಕೊಂಡು ಬೆಟ್ಟದ ಮೇಲೆ ಯಾಕೆ ಕೂತಿದ್ದೀರಿ, ಬಯಲಿಗೆ ಇಳೀರಿ ಅಂದ. ಇಳಿದ್ರು. 100 ಆನೆ, 4,000 ಕುದುರೆ. ರೆಗ್ಯುಲಸ್ ಸೈನ್ಯದಲ್ಲಿ ತಪ್ಪಿಸ್ಕೊಂಡಿದ್ದು 2,000 ಜನ, ಅವನು 500 ಜನರ ಜೊತೆ ಸೆರೆ ಸಿಕ್ಕ. ಮುಂದೆ ಅವನು ಮಾತಿಗೆ ತಪ್ಪದೆ ಕಾರ್ತೇಜ್‌ಗೆ ವಾಪಸ್ ಹೋಗಿ ಚಿತ್ರಹಿಂಸೆಯಲ್ಲಿ ಸತ್ತ ಅನ್ನೋ ಪುಣ್ಯಕೋಟಿ ಥರದ ಕಥೆಯನ್ನ ರೋಮ್‌ನೋರು ಮಕ್ಕಳಿಗೆ ಹೇಳ್ತಿದ್ರು, ಪಾಲಿಬಿಯಸ್ ಆ ಬಗ್ಗೆ ಒಂದಕ್ಷರ ಬರೆದಿಲ್ಲ, ಹಾಗಾಗಿ ನಾನು ಆ ಕಥೆಯನ್ನ ಪಕ್ಕಕ್ಕಿಡ್ತೀನಿ.

ಉಳಿದವರನ್ನ ಕರ್ಕೊಂಡು ಬರಕ್ಕೆ ರೋಮ್ ಇನ್ನೊಂದು ದೊಡ್ಡ ನೌಕಾಪಡೆ ಕಳಿಸ್ತು, ಅದು ದಾರಿಯಲ್ಲಿ ಕಾರ್ತೇಜ್‌ನ 114 ಹಡಗು ಬೇರೆ ಹಿಡೀತು, ಜಂಬದಲ್ಲಿ ವಾಪಸ್ ಬರ್ತಿತ್ತು. ಚುಕ್ಕಾಣಿ ಹಿಡಿಯೋರು ಹೇಳಿದ್ರು, ಸ್ವಾಮಿ, ಸಿಸಿಲಿಯ ದಕ್ಷಿಣ ಕರಾವಳಿ ಬೇಡ, ಇದು ಒಳ್ಳೆ ಸಮಯ ಅಲ್ಲ ಅಂತ. ನಮ್ಮಲ್ಲಿ ಮೃಗಶಿರ ಮಳೆ, ಆರಿದ್ರ ಮಳೆ ಅಂತ ನಕ್ಷತ್ರ ಲೆಕ್ಕದಲ್ಲಿ ಹೇಳೋ ಹಾಗೆ ಅವರಿಗೂ ಲೆಕ್ಕ ಇತ್ತು, ಮಹಾವ್ಯಾಧ ನಕ್ಷತ್ರಪುಂಜ ಮೂಡೋದಕ್ಕೂ ಲುಬ್ಧಕ ಮೂಡೋದಕ್ಕೂ ಮಧ್ಯದ ದಿನಗಳು ಅಪಾಯ. ಕಾನ್ಸುಲ್‌ಗಳಿಗೆ ದಾರಿಯ ಊರುಗಳಿಗೆ ತಮ್ಮ ವೈಭವ ತೋರಿಸಬೇಕಿತ್ತು, ಕೇಳಲಿಲ್ಲ. ಕಮರಿನಾ ಹತ್ರ ಬಿರುಗಾಳಿ ಸಿಕ್ತು, 364 ಹಡಗಲ್ಲಿ ಉಳಿದಿದ್ದು 80. ಒಂದೊಂದು ಹಡಗಲ್ಲಿ ಕಡಿಮೆ ಅಂದ್ರೂ 300 ಜನ ಅಂತ ಇಟ್ಕೊಂಡು ನೀವೇ ಗುಣಿಸಿ ನೋಡಿ. ಯಾವ ಶತ್ರುವೂ ರೋಮ್‌ಗೆ ಒಂದು ದಿನದಲ್ಲಿ ಇಷ್ಟು ನಷ್ಟ ಮಾಡಿರಲಿಲ್ಲ.

ಬೇರೆ ಯಾರೇ ಆಗಿದ್ರೂ ಅಲ್ಲಿಗೆ ಅಂಗಡಿ ಮುಚ್ತಿದ್ರು. ರೋಮ್ ಮೂರು ತಿಂಗಳಲ್ಲಿ 220 ಹೊಸ ಹಡಗು ಕಟ್ತು. ಅದನ್ನೂ ತಗೊಂಡು ಕ್ರಿ.ಪೂ. 253ರಲ್ಲಿ ಮತ್ತೆ ಆಫ್ರಿಕಾ ಕಡೆ ಹೋದ್ರು, ಅಲ್ಲಿ ಸಮುದ್ರದ ಉಬ್ಬರ ಇಳಿತ ಏನು ಅಂತ ಗೊತ್ತಿಲ್ದೆ ನೀರು ಇಳಿದಾಗ ಹಡಗು ಮರಳಿನ ಮೇಲೆ ಕೂತ್ಬಿಡ್ತು, ಮತ್ತೆ ನೀರು ಏರಿದಾಗ ಭಾರದ ಸಾಮಾನೆಲ್ಲ ಸಮುದ್ರಕ್ಕೆ ಎಸೆದು ಹೇಗೋ ತೇಲಿಸ್ಕೊಂಡು ಓಡಿ ಬಂದ್ರು, ಬರೋ ದಾರಿಯಲ್ಲಿ ಇನ್ನೊಂದು ಬಿರುಗಾಳಿ, 150ಕ್ಕಿಂತ ಹೆಚ್ಚು ಹಡಗು ಹೋದ್ವು. ಈ ಹೊತ್ತಿಗೆ ಕಾಗೆ ಸೇತುವೆಯ ಮಾತು ದಾಖಲೆಗಳಿಂದ ಮಾಯ ಆಗತ್ತೆ. ಮೂತಿಯಲ್ಲಿ ಅಷ್ಟು ಭಾರ ಹೊತ್ತ ಹಡಗು ದೊಡ್ಡ ಅಲೆಗೆ ನಿಲ್ಲಲ್ಲ, ಅದಕ್ಕೇ ಕೈಬಿಟ್ರು ಅಂತ ಕೆಲವು ಇತಿಹಾಸಕಾರರ ಅಭಿಪ್ರಾಯ, ನನಗೂ ಅದು ಸರಿ ಅನ್ಸತ್ತೆ.

ಮಧ್ಯದಲ್ಲಿ ಒಂದು ಆನೆ ಪ್ರಸಂಗ ಹೇಳ್ಬಿಡ್ತೀನಿ. ಕ್ರಿ.ಪೂ. 250ರಲ್ಲಿ ಪನಾರ್ಮಸ್, ಅಂದ್ರೆ ಇವತ್ತಿನ ಪಲೆರ್ಮೊ ಗೋಡೆ ಮುಂದೆ ಕಾನ್ಸುಲ್ ಪದವಿ ಮುಗಿಸಿದ್ದ ಮೆಟೆಲ್ಲಸ್ ಕಂದಕ ತೋಡಿಸಿ, ಕಾರ್ತೇಜ್‌ನ ಆನೆಗಳನ್ನ ಕೆಣಕಿ ಕಂದಕದ ಹತ್ರ ಬರೋ ಹಾಗೆ ಮಾಡಿ ಈಟಿ ಮಳೆ ಸುರಿಸಿದ, ಆನೆಗಳು ತಿರುಗಿ ತಮ್ಮ ಸೈನ್ಯವನ್ನೇ ತುಳಿದ್ವು. ಹತ್ತು ಆನೆ ಅವುಗಳ ಮಾವುತರ ಸಮೇತ ಸೆರೆ ಸಿಕ್ವು ಅಂತ ಬರೆಯುವಾಗ ಪಾಲಿಬಿಯಸ್ ಮಾವುತರಿಗೆ ಬಳಸೋ ಗ್ರೀಕ್ ಪದ ಯಾವುದು ಗೊತ್ತಾ, ಇಂಡೋಯ್, ಇಂಡಿಯನ್ನರು. ಆನೆಗಳು ಉತ್ತರ ಆಫ್ರಿಕಾದವು, ಮೇಲೆ ಕೂತಿದ್ದೋರು ಎಲ್ಲಿಯವರೋ, ಆದ್ರೆ ಅಲೆಕ್ಸಾಂಡರ್ ಕಾಲದಿಂದ ಆನೆ ಪಳಗಿಸೋ ವಿದ್ಯೆ ನಮ್ಮ ಕಡೆಯಿಂದ ಹೋಗಿದ್ರಿಂದ ಮಾವುತ ಅಂದ್ರೇ ಇಂಡಿಯನ್ ಅಂತಾಗಿತ್ತು. ಸಿಕ್ಕ ಆನೆಗಳನ್ನ ಇಟಲಿಗೆ ಸಾಗಿಸೋಕೆ ದೊಡ್ಡ ದೊಡ್ಡ ಮಡಕೆ ಜೋಡಿಸಿ ಅದರ ಮೇಲೆ ತೆಪ್ಪ ಕಟ್ಟಿದ್ರಂತೆ.

ಮಾರನೇ ವರ್ಷ, ಕ್ರಿ.ಪೂ. 249, ರೋಮ್‌ನ ಅತಿ ಕೆಟ್ಟ ವರ್ಷ. ಈ ಹೊತ್ತಿಗೆ ಕಾರ್ತೇಜ್ ಹತ್ರ ಸಿಸಿಲಿಯಲ್ಲಿ ಉಳಿದಿದ್ದು ಪಶ್ಚಿಮ ತುದಿಯ ಲಿಲಿಬೇಯಂ, ಡ್ರೆಪಾನಾ ಎರಡೇ ಬಂದರು. ಲಿಲಿಬೇಯಂಗೆ ರೋಮ್ ಮುತ್ತಿಗೆ ಹಾಕಿದ್ರೆ, ರೋಡಿಯನ್ ಅಂತ ಅಡ್ಡಹೆಸರಿದ್ದ ಒಬ್ಬ ಹ್ಯಾನಿಬಲ್, ಬೇರೆಯವನು, ಆ ಹೆಸರು ಅಲ್ಲಿ ನಮ್ಮ ಮಂಜುನಾಥ ಇದ್ದ ಹಾಗೆ, ತನ್ನ ಒಂದೇ ಒಂದು ಚುರುಕು ಹಡಗಲ್ಲಿ ಹಗಲು ಹೊತ್ತೇ ರೋಮ್ ಕಾವಲಿನ ಕಣ್ಣ ಮುಂದೆ ಒಳಗೆ ಹೋಗಿ ಹೊರಗೆ ಬರ್ತಿದ್ದ, ದಾರಿ ಮಧ್ಯೆ ಹುಟ್ಟು ಎತ್ತಿ ನಿಂತು ಬನ್ನಿ ನೋಡೋಣ ಅಂತ ಅಣಕಿಸ್ತಿದ್ದ. ಆಮೇಲೊಂದಿನ ಸಿಕ್ಕಿಬಿದ್ದ, ಹಡಗೂ ಸಿಕ್ತು. ಆ ಹಡಗನ್ನ ನೆನಪಿಟ್ಕೊಳ್ಳಿ.

ಕಾನ್ಸುಲ್ ಪ್ಯೂಬ್ಲಿಯಸ್ ಕ್ಲಾಡಿಯಸ್ ಪುಲ್ಕರ್ ರಾತ್ರಿ ಹೊರಟು ಡ್ರೆಪಾನಾ ಮೇಲೆ ಹಠಾತ್ ದಾಳಿ ಮಾಡೋಕೆ ಹೋದ. ಹೊರಡೋ ಮುಂಚೆ ಶಕುನ ನೋಡೋ ಪವಿತ್ರ ಕೋಳಿಗಳು ಕಾಳು ಮುಟ್ಟಲಿಲ್ವಂತೆ, ತಿನ್ನಲ್ಲ ಅಂದ್ರೆ ಕುಡೀಲಿ ಅಂತ ಸಮುದ್ರಕ್ಕೆ ಎಸೆಸಿದ ಅನ್ನೋ ಕಥೆಯನ್ನ ರೋಮ್‌ನ ವಾಗ್ಮಿ ಸಿಸೆರೋ ಹೇಳ್ತಾನೆ. ಕೋಳಿ ವಿಷಯ ಏನೇ ಇರ್ಲಿ, ನಡೆದಿದ್ದು ಏನಂದ್ರೆ ಇವನ ಹಡಗುಗಳು ಕಿರಿದಾದ ಬಂದರಿಗೆ ಸಾಲಾಗಿ ನುಗ್ಗೋ ಹೊತ್ತಿಗೆ ಕಾರ್ತೇಜ್‌ನ ಅಧೆರ್ಬಲ್ ಇನ್ನೊಂದು ಕಡೆಯಿಂದ ಹೊರಗೆ ಬಂದಾಗಿತ್ತು, ಇವನು ವಾಪಸ್ ತಿರುಗಿಸಿ ಅಂತ ಆರ್ಡರ್ ಕೊಟ್ಟಾಗ ಒಳಗೆ ಹೋಗ್ತಿದ್ದ ಹಡಗು ಹೊರಗೆ ಬರ್ತಿದ್ದ ಹಡಗಿಗೆ ಡಿಕ್ಕಿ, ಹುಟ್ಟುಗಳೆಲ್ಲ ಲಟಲಟ ಮುರಿದು, ಪೂರ್ತಿ ಟ್ರಾಫಿಕ್ ಜಾಮ್. 93 ಹಡಗು ಕಾರ್ತೇಜ್ ಪಾಲಾಯ್ತು. ಅದೇ ವರ್ಷ ಇನ್ನೊಬ್ಬ ಕಾನ್ಸುಲ್ ಜೂನಿಯಸ್ ಸಾಮಾನು ಸಾಗಿಸ್ತಿದ್ದ 800ರ ಹತ್ತಿರ ಹಡಗು, 120 ಯುದ್ಧನೌಕೆಗಳನ್ನ ಮತ್ತೆ ಅದೇ ಕಮರಿನಾ ಕಡೆಯ ಬಿರುಗಾಳಿಗೆ ಕೊಟ್ಟ. ಕೆಲವು ವರ್ಷ ಆದ್ಮೇಲೆ ಪುಲ್ಕರ್‌ನ ತಂಗಿ ಕ್ಲಾಡಿಯಾ ರಸ್ತೆಯಲ್ಲಿ ಜನಜಂಗುಳಿಗೆ ಸಿಕ್ಕಿ, ಅಯ್ಯೋ ನಮ್ಮಣ್ಣ ಬದುಕಿದ್ದು ಇನ್ನೊಂದು ನೌಕಾಪಡೆ ಮುಳುಗಿಸಬಾರದಿತ್ತಾ, ಈ ಜನ ಸ್ವಲ್ಪ ಕಡಿಮೆ ಆಗೋರು ಅಂತ ಅಂದು ದಂಡ ಕಟ್ಟಿದ್ಲು.

ಜನ ನಿಜವಾಗಿಯೂ ಕಡಿಮೆ ಆಗಿದ್ರು. ರೋಮ್‌ನ ಜನಗಣತಿಯಲ್ಲಿ ಕ್ರಿ.ಪೂ. 252ರ ಸುಮಾರಿಗೆ 2,97,797 ಪ್ರಜೆಗಳು, ಐದು ವರ್ಷ ಆದ್ಮೇಲೆ 2,41,212. ಗಣತಿ ಬರೀ ಗಂಡಸರದ್ದು, ಅದರಲ್ಲೂ ರೋಮ್ ಪ್ರಜೆಗಳದ್ದು ಮಾತ್ರ. ಇಟಲಿಯ ಮಿತ್ರ ಊರುಗಳಿಂದ ಬಂದು ಸತ್ತೋರ ಲೆಕ್ಕ ಇದರಲ್ಲಿ ಇಲ್ಲವೇ ಇಲ್ಲ. ಆದ್ರೆ ರೋಮ್‌ಗೆ ಆಳು ಅನ್ನೋದು ದುಡ್ಡು ಕೊಟ್ಟು ಪೇಟೆಯಿಂದ ತರೋ ಸಾಮಾನಾಗಿರಲಿಲ್ಲ, ಮೊದಲೇ ಹೇಳಿದ್ನಲ್ಲ ಆ ಒಪ್ಪಂದ, ಕೇಳಿದ್ರೆ ಮತ್ತೆ ಬರ್ತಾರೆ.

ಕಾರ್ತೇಜ್ ಈಗ ಗೆಲ್ಲಬೇಕಿತ್ತು. ಎದುರಾಳಿ ಹತ್ರ ಹಡಗಿಲ್ಲ, ಸಮುದ್ರ ಪೂರ್ತಿ ಇವರದ್ದೇ. ಇವರು ಏನ್ ಮಾಡಿದ್ರು? ಖರ್ಚು ಕಡಿಮೆ ಮಾಡೋಣ ಅಂತ ಹಡಗುಗಳನ್ನ ನಿಲ್ಲಿಸಿದ್ರು. ನನಗೆ ಇಡೀ ಯುದ್ಧದಲ್ಲಿ ತಲೆ ಚಚ್ಕೊಳ್ಳೋ ಹಾಗಾಗೋದು ಇಲ್ಲೇ. ಲಿಬಿಯಾದ ರೈತರಿಂದ ಬೆಳೆಯಲ್ಲಿ ಅರ್ಧ ಕಿತ್ಕೊಳ್ತಿದ್ರು, ಊರುಗಳ ತೆರಿಗೆ ಡಬಲ್ ಮಾಡಿದ್ರು, ಈಜಿಪ್ಟ್‌ನ ದೊರೆ ಎರಡನೇ ಟಾಲೆಮಿ ಹತ್ರ 2,000 ಟ್ಯಾಲೆಂಟ್ (ಬೆಳ್ಳಿ ಅಳೆಯೋ ದೊಡ್ಡ ತೂಕ) ಸಾಲ ಕೇಳಿದ್ರು. ಅವನು, ಇಬ್ಬರೂ ನನ್ನ ಸ್ನೇಹಿತರೇ, ಶತ್ರು ವಿರುದ್ಧ ಆದ್ರೆ ಕೊಡಬಹುದು ಸ್ನೇಹಿತನ ವಿರುದ್ಧ ಹೇಗೆ ಅಂತ ನಯವಾಗಿ ಜಾರಿಕೊಂಡ. ಈ ಟಾಲೆಮಿ ನಮಗೆ ಪರಿಚಯದೋನೇ, ಅಶೋಕನ 13ನೇ ಬಂಡೆ ಶಾಸನದಲ್ಲಿ ತುರಮಾಯ ಅಂತ ಹೆಸರು ಬರತ್ತಲ್ಲ, ಅವನೇ ಇವನು. ನಮ್ಮ ಮಸ್ಕಿ, ಬ್ರಹ್ಮಗಿರಿಯಲ್ಲಿರೋ ಶಾಸನಗಳನ್ನ ಬರೆಸಿದ ಅಶೋಕನ ಆಳ್ವಿಕೆಯಲ್ಲೇ ಈ ಯುದ್ಧ ಪೂರ್ತಿ ನಡೆದಿದ್ದು.

ಸಿಸಿಲಿಗೆ ಕಳಿಸಿದ್ದು ಹ್ಯಾಮಿಲ್ಕಾರ್ ಬಾರ್ಕಾ ಅನ್ನೋ ಯುವಕನನ್ನ, ಕ್ರಿ.ಪೂ. 247ರಲ್ಲಿ. ಕೈಗೆ ಚಿಕ್ಕ ಸೈನ್ಯ ಕೊಟ್ಟಿದ್ರು, ಹೆಚ್ಚುವರಿ ಜನ ಇಲ್ಲ. ಅವನು ಬೆಟ್ಟ ಹಿಡ್ಕೊಂಡು ಆರು ವರ್ಷ ಗೆರಿಲ್ಲಾ ಯುದ್ಧ ಮಾಡ್ದ, ಮೊದಲು ಹೈರ್ಕ್ಟೆ, ಆಮೇಲೆ ಎರಿಕ್ಸ್ ಬೆಟ್ಟ, ಮೇಲೆ ಒಂದು ರೋಮ್ ಪಡೆ ಕೆಳಗೆ ಒಂದು ರೋಮ್ ಪಡೆ ಮಧ್ಯೆ ಇವನು. ಇವನು ಸಿಸಿಲಿಗೆ ಬಂದ ವರ್ಷವೇ ಹುಟ್ಟಿದ ಮಗ ಆ ಪ್ರಸಿದ್ಧ ಹ್ಯಾನಿಬಲ್.

ರೋಮ್‌ನ ಖಜಾನೆಯೂ ಬರಿದಾಗಿತ್ತು. ಸರ್ಕಾರದ ಹತ್ರ ದುಡ್ಡಿಲ್ಲ ಅಂದಾಗ ಅಲ್ಲಿನ ಸಾಹುಕಾರರು ಒಬ್ಬೊಬ್ಬರು ಒಂದೊಂದು ಹಡಗು, ಆಗಲ್ಲ ಅಂದ್ರೆ ಇಬ್ಬರು ಮೂವರು ಚೀಟಿ ಹಾಕಿದ ಹಾಗೆ ಸೇರಿ ಒಂದು ಹಡಗು ಅಂತ ಒಪ್ಕೊಂಡ್ರು, ಗೆದ್ರೆ ಅಸಲು ವಾಪಸ್, ಸೋತ್ರೆ ಕೇಳ್ಬೇಡಿ. ದೇಶಭಕ್ತಿ ಅಂತಾನೂ ಹೇಳಬಹುದು, ಇಷ್ಟು ಹಾಕಿದ ಮೇಲೆ ಬಿಡೋಕಾಗಲ್ಲ ಅನ್ನೋ ಜೂಜುಕೋರನ ಹಠ ಅಂತಾನೂ ಹೇಳಬಹುದು, ನನ್ನ ಪ್ರಕಾರ ಎರಡೂ ಇತ್ತು. ಹೀಗೆ 200 ಹಡಗು ಆಯ್ತು, ಈ ಸಲ ಮಾದರಿ ಆ ರೋಡಿಯನ್‌ನ ಚುರುಕು ಹಡಗು. ಕಾನ್ಸುಲ್ ಲುಟೇಷಿಯಸ್ ಕ್ಯಾಟುಲಸ್ ಅವನ್ನ ತಗೊಂಡು ಹೋಗಿ ದಿನಾ ಹುಟ್ಟು ಹಾಕೋ ಪ್ರಾಕ್ಟೀಸ್ ಮಾಡಿಸ್ದ.

ಕಾರ್ತೇಜ್ ಗಾಬರಿಬಿದ್ದು ನಿಲ್ಲಿಸಿದ್ದ ಹಡಗೆಲ್ಲ ಎಬ್ಬಿಸಿ, ಎರಿಕ್ಸ್ ಬೆಟ್ಟದ ಸೈನ್ಯಕ್ಕೆ ಬೇಕಾದ ದವಸ ತುಂಬಿ, ಅನುಭವ ಇಲ್ಲದ ಜನರನ್ನ ಕೂರಿಸಿ ಕಳಿಸ್ತು. ಪ್ಲಾನ್ ಏನಂದ್ರೆ ಮೊದಲು ದವಸ ಇಳಿಸಿ, ಹ್ಯಾಮಿಲ್ಕಾರ್‌ನ ಒಳ್ಳೆ ಸೈನಿಕರನ್ನ ಹತ್ತಿಸ್ಕೊಂಡು, ಆಮೇಲೆ ಯುದ್ಧ. ಕ್ರಿ.ಪೂ. 241ರ ಮಾರ್ಚ್ 10, ಈಗೇಟ್ಸ್ ದ್ವೀಪಗಳ ಹತ್ರ, ಗಾಳಿ ಅವರಿಗೆ ಅನುಕೂಲ, ಸಮುದ್ರ ಒರಟು. ಕ್ಯಾಟುಲಸ್ ತೊಡೆಗೆ ಮುಂಚೆನೇ ಗಾಯ ಆಗಿತ್ತು. ಗಾಳಿ ವಿರುದ್ಧ ಹೊರಡೋದಾ ಬೇಡ್ವಾ? ಇವತ್ತು ಬಿಟ್ರೆ ಅವರು ದಡ ಸೇರಿ ಹಗುರ ಆಗ್ತಾರೆ, ಹೊರಡಿ ಅಂದ. ರೋಮ್ ಹಡಗಲ್ಲಿ ಯುದ್ಧಕ್ಕೆ ಬೇಕಾದ್ದು ಬಿಟ್ಟು ಬೇರೆ ಏನೂ ಇಲ್ಲ, ಕಾರ್ತೇಜ್ ಹಡಗು ಮೂಟೆ ಹೊತ್ತ ಕತ್ತೆ. 50 ಮುಳುಗ್ತು, 70 ಸೆರೆ.

ಆ ದ್ವೀಪಗಳಲ್ಲಿ ಒಂದಾದ ಲೆವಾಂಜೋ ಹತ್ರ ಸಮುದ್ರ ತಳದಲ್ಲಿ ಇತ್ತೀಚಿನ ವರ್ಷಗಳಲ್ಲಿ 20ಕ್ಕೂ ಹೆಚ್ಚು ಕಂಚಿನ ಕೊಂಬು ಸಿಕ್ಕಿವೆ, ಶಿರಸ್ತ್ರಾಣ, ಎಣ್ಣೆ ದ್ರಾಕ್ಷಾರಸ ತುಂಬೋ ಮಣ್ಣಿನ ಜಾಡಿ ಎಲ್ಲ. ಸುಮಾರು ಕೊಂಬುಗಳ ಮೇಲೆ ಲ್ಯಾಟಿನ್‌ನಲ್ಲಿ ಅಧಿಕಾರಿಗಳ ಹೆಸರು ಅಚ್ಚಾಗಿದೆ, ನಮ್ಮಲ್ಲಿ ಸೇತುವೆ ಕಟ್ಟಿಸಿ ಶಾಸಕರ ಹೆಸರಿನ ಕಲ್ಲು ನೆಟ್ಟ ಹಾಗೆ, ಇಂಥೋರು ಪಾಸ್ ಮಾಡಿದ್ದು ಅಂತ. ಸೋತಿದ್ದು ಕಾರ್ತೇಜ್ ಆದ್ರೆ ತಳದಲ್ಲಿ ಇಷ್ಟೊಂದು ರೋಮ್ ಕೊಂಬು ಯಾಕೆ? ಸಂಶೋಧಕರ ಒಂದು ಊಹೆ, ಡ್ರೆಪಾನಾದಲ್ಲಿ ಹಿಡಿದ ಆ 93 ಹಡಗುಗಳನ್ನೇ ಕಾರ್ತೇಜ್ ಇಲ್ಲಿ ಬಳಸಿರಬೇಕು ಅಂತ.

ಇನ್ನೊಂದು ನೌಕಾಪಡೆ ಕಟ್ಟೋ ತಾಕತ್ತು ಕಾರ್ತೇಜ್‌ಗೆ ಇರಲಿಲ್ಲ. ಹ್ಯಾಮಿಲ್ಕಾರ್ ಬೆಟ್ಟದ ಮೇಲೆ ಸೋಲದೇನೇ ಸಂಧಿಗೆ ಸಹಿ ಹಾಕಬೇಕಾಯ್ತು. ಸಿಸಿಲಿ ಖಾಲಿ ಮಾಡಬೇಕು, 20 ವರ್ಷದ ಕಂತಲ್ಲಿ 2,200 ಟ್ಯಾಲೆಂಟ್ ಬೆಳ್ಳಿ. ರೋಮ್‌ನ ಜನಸಭೆ ಇದು ಸಾಲದು ಅಂತು, 1,000 ಈಗಲೇ, ಉಳಿದ 2,200 ಹತ್ತೇ ವರ್ಷದಲ್ಲಿ. ಒಂದು ಟ್ಯಾಲೆಂಟ್ ಅಂದ್ರೆ ಸುಮಾರು 26 ಕಿಲೋ, ಒಟ್ಟು 80 ಟನ್‌ಗಿಂತ ಜಾಸ್ತಿ ಬೆಳ್ಳಿ. ಪಾಲಿಬಿಯಸ್‌ನ ಒಟ್ಟು ಲೆಕ್ಕ ನೋಡಿ: ಬಿರುಗಾಳಿ ಸೇರಿ ಕಾರ್ತೇಜ್ ಕಳ್ಕೊಂಡಿದ್ದು 500ರ ಹತ್ತಿರ ಕ್ವಿಂಕ್ವಿರೀಮ್, ಗೆದ್ದ ರೋಮ್ ಕಳ್ಕೊಂಡಿದ್ದು 700.

ಈಗ ಸಿಸಿಲಿಯಿಂದ ವಾಪಸ್ ಬರೋ 20,000 ಬಾಡಿಗೆ ಸೈನಿಕರಿಗೆ ಬಾಕಿ ಸಂಬಳ ಕೊಡಬೇಕು. ಅವರನ್ನ ಕಳಿಸ್ತಿದ್ದ ಗಿಸ್ಕೋ ಅನ್ನೋ ಅಧಿಕಾರಿ ಜಾಣತನದಿಂದ ಸ್ವಲ್ಪ ಸ್ವಲ್ಪ ಜನರನ್ನೇ ಹಡಗು ಹತ್ತಿಸ್ತಿದ್ದ, ಒಂದು ಬ್ಯಾಚ್‌ಗೆ ಸಂಬಳ ಕೊಟ್ಟು ಅವರವರ ಊರಿಗೆ ಕಳಿಸಿ ಮುಂದಿನ ಬ್ಯಾಚ್ ಬರ್ಲಿ ಅಂತ. ಕಾರ್ತೇಜ್‌ನ ದೊಡ್ಡೋರು ಎಲ್ಲರೂ ಬರ್ಲಿ ಬಿಡಿ, ಒಟ್ಟಿಗೆ ಕೂರಿಸಿ ಚೌಕಾಸಿ ಮಾಡಿ ಸ್ವಲ್ಪ ಕಡಿಮೆ ಮಾಡಿಸೋಣ ಅಂದ್ರು. ಎಲ್ಲರೂ ಬಂದ್ರು, ಚೌಕಾಸಿ ಕೇಳಿ ದಂಗೆ ಎದ್ರು, ತೆರಿಗೆಯಲ್ಲಿ ಬೆಂದಿದ್ದ ಲಿಬಿಯಾದ ರೈತರೂ ಸೇರ್ಕೊಂಡ್ರು, ಅವರ ಹೆಂಗಸರು ಒಡವೆ ಬಿಚ್ಚಿ ಕೊಟ್ರು. ಕ್ರಿ.ಪೂ. 237ರ ತನಕ ನಡೆದ ಆ ಯುದ್ಧ ಸಿಸಿಲಿಗಿಂತ ಕ್ರೂರ. ಅದು ಮುಗಿಯೋ ಹೊತ್ತಿಗೆ ರೋಮ್ ಸಮಯ ನೋಡಿ ಸಾರ್ಡೀನಿಯಾ ನುಂಗ್ತು, ಕಾರ್ತೇಜ್ ಆಕ್ಷೇಪಿಸಿದ್ದಕ್ಕೆ ಇನ್ನೂ 1,200 ಟ್ಯಾಲೆಂಟ್ ಹಾಕ್ತು. ಇದಕ್ಕೆ ಯಾವ ನ್ಯಾಯವೂ ಇಲ್ಲ ಅಂತ ಪಾಲಿಬಿಯಸ್ಸೇ ಬರೆದಿದ್ದಾನೆ.

ಹ್ಯಾಮಿಲ್ಕಾರ್ ಒಂಬತ್ತು ವರ್ಷದ ಮಗನನ್ನ ಕರ್ಕೊಂಡು ಸ್ಪೇನ್‌ಗೆ ಹೊರಟ, ಅಲ್ಲಿ ಬೆಳ್ಳಿ ಗಣಿಗಳಿದ್ವು. ಒಂದೊಂದೇ ಬುಡಕಟ್ಟನ್ನ ಸೋಲಿಸ್ತಾ ಒಳಗೆ ಹೋಗ್ತಿದ್ದಾಗ ಕ್ರಿ.ಪೂ. 231ರಲ್ಲಿ ರೋಮ್‌ನಿಂದ ರಾಯಭಾರಿಗಳು ಬಂದು, ಇಲ್ಲೇನು ನಡೆಸಿದ್ದೀರಿ ಅಂತ ವಿಚಾರಿಸಿದ್ರು. ಕ್ಯಾಸಿಯಸ್ ಡಿಯೋ ಅನ್ನೋ ಇತಿಹಾಸಕಾರ ಹೇಳೋ ಪ್ರಕಾರ ಹ್ಯಾಮಿಲ್ಕಾರ್ ಅವರನ್ನ ಚೆನ್ನಾಗೇ ಉಪಚರಿಸಿ, ಇನ್ನೇನು ಮಾಡೋದು, ನಿಮಗೆ ಕೊಡಬೇಕಾದ ಬಾಕಿ ತೀರಿಸೋಕೆ ಬೇರೆ ದಾರಿ ಇಲ್ಲ, ಅದಕ್ಕೇ ಇಲ್ಲಿ ಯುದ್ಧ ಮಾಡ್ತಿದ್ದೀನಿ ಅಂದ. ಬಂದೋರಿಗೆ ಏನ್ ಹೇಳ್ಬೇಕೋ ಗೊತ್ತಾಗಲಿಲ್ಲ.